ಹೇಳಬಾರದೆಂದಿದ್ದ ಫಲಿತಾಂಶ

ಒಪ್ಪಿಗೆ ಪತ್ರದ ಏಳನೆಯ ಅಂಶವನ್ನು ಕನ್ನಡಕ್ಕೆ ತಂದವಳು ನಾನೇ. "ಈ ಅಧ್ಯಯನದಲ್ಲಿ ದೊರೆಯುವ ವೈಯಕ್ತಿಕ ಫಲಿತಾಂಶಗಳನ್ನು ತಮಗೆ ತಿಳಿಸಲಾಗುವುದಿಲ್ಲ." ಮೂಲದಲ್ಲಿ ಅದು ಮೂರು ಸಾಲಿತ್ತು. ಒಂದೇ ಸಾಲಿಗೆ ಇಳಿಸಿದೆನೆಂದು ನನಗೆ ಸಣ್ಣ ಹೆಮ್ಮೆಯೂ ಇತ್ತು. ಆಮೇಲೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಿದ್ದೇನೆ. ಆರನೆಯ ಅಂಶ ಮುಗಿಸಿದವಳು ಏಳನೆಯದನ್ನು ಅದೇ ಉಸಿರಿನಲ್ಲಿ ದಾಟಿ ಎಂಟಕ್ಕೆ ಬಂದು ನಿಲ್ಲುತ್ತಿದ್ದೆ. ಎಂಟನೆಯದು ಜನ ಕೇಳಬಯಸುವ ಮಾತು: ಹೆಸರು ಎಲ್ಲಿಯೂ ಹೊರಗೆ ಬರುವುದಿಲ್ಲ, ನಿಮಗೊಂದು ನಂಬರ್ ಇರುತ್ತದೆ, ಅಷ್ಟೆ.

ಐವತ್ತು ದಾಟುವ ಮೊದಲೇ ದೊಡ್ಡ ಕರುಳಿನ ಕ್ಯಾನ್ಸರ್ ಯಾಕೆ ಬರುತ್ತಿದೆ ಎಂದು ತಿಳಿಯಲು ಹೊರಟ ಅಧ್ಯಯನ ಅದು. ಕಲಬುರಗಿಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ ಎರಡು ಕೋಣೆ ನಮ್ಮವು. ಮುಖ್ಯಸ್ಥರು ಒಬ್ಬ ಡಾಕ್ಟರ್ ಮೇಡಂ. ಊರೂರು ತಿರುಗಿ ಮಾಹಿತಿ ತರುವ ಸಂಯೋಜಕಿ ನಾನು. ಕೆಲಸದ ಕ್ರಮ ಹೀಗಿತ್ತು: ಒಬ್ಬ ರೋಗಿ ಸಿಕ್ಕರೆ, ಅದೇ ಊರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ, ರೋಗವಿಲ್ಲದ ಒಬ್ಬರನ್ನೂ ಹುಡುಕಬೇಕು. ಇಬ್ಬರಿಂದಲೂ ಊಟ, ಕೆಲಸ, ನುಂಗಿದ ಗುಳಿಗೆ, ಮನೆತನದ ಕಾಯಿಲೆ ಎಲ್ಲ ಬರೆದುಕೊಳ್ಳಬೇಕು. ಎರಡು ಕೊಳವೆ ರಕ್ತ, ಒಂದು ಡಬ್ಬಿ ಮಲ. ಮೂರು ವಾರ ಬಿಟ್ಟು ಮತ್ತೊಮ್ಮೆ ಹೋಗಿ ಊಟದ ಪ್ರಶ್ನೆಗಳನ್ನಷ್ಟೇ ಪುನಃ ಕೇಳಬೇಕು. ರೋಗವಿಲ್ಲದವರನ್ನು ನಾವು ಹೋಲಿಕೆಯ ಗುಂಪು ಎನ್ನುತ್ತಿದ್ದೆವು. ಅವರಿಗೆ ರೋಗವಿಲ್ಲ ಎಂಬುದಕ್ಕೆ ಅವರ ಮಾತೇ ಆಧಾರ.

ಕಮಲಾಪುರದಲ್ಲಿ ನಮಗೆ ಸಿಕ್ಕ ರೋಗಿ ಒಬ್ಬ ಬಸ್ ಕಂಡಕ್ಟರ್. ವಯಸ್ಸು ಮೂವತ್ತೇಳು. ರೋಗ ಕರುಳಿನಿಂದ ಯಕೃತ್ತಿಗೆ ಹಬ್ಬಿದ ಮೇಲೆಯೇ ಪತ್ತೆಯಾಗಿತ್ತು. ನಾನು ಹೋದಾಗ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕಣ್ಣಿನ ಬಿಳಿಭಾಗ ಹಳದಿಗೆ ತಿರುಗಿತ್ತು. ಪತ್ರ ಓದಲು ಹೋದರೆ ಕೈಯೆತ್ತಿ ತಡೆದ.

"ಓದೂದೇನೂ ಬ್ಯಾಡ್ರಿ ಅಕ್ಕೋರೆ. ಎಲ್ಲಿ ಸಹಿ ಹಾಕಬೇಕು ಹೇಳ್ರಿ. ನನಗಂತೂ ತಡಾ ಆಯ್ತು. ಮುಂದ ಬರೋರಿಗರೆ ಉಪಯೋಗ ಆಗ್ಲಿ."

ಆದರೂ ಓದಿದೆ; ಓದದೆ ಸಹಿ ಹಾಕಿಸುವಂತಿಲ್ಲ. ಅವನು ಕಣ್ಣು ಮುಚ್ಚಿ ಕೇಳಿದ.

ಹೋಲಿಕೆಗೆ ಜನ ಸಿಗುವುದು ಮಾತ್ರ ಕಷ್ಟವಾಯಿತು. ಆ ಓಣಿಯಲ್ಲಿ ಮೂರು ಮನೆಯವರು ಮೊದಲು ಹೂಂ ಎಂದು, ಡಬ್ಬಿ ಇಸಿದುಕೊಂಡು, ಮರುದಿನ ಖಾಲಿ ಡಬ್ಬಿ ವಾಪಸು ಕೊಟ್ಟರು. ಮಾದರಿ ಕೊಟ್ಟವರ ಹೆಸರು ಕ್ಯಾನ್ಸರ್ ಪಟ್ಟಿಗೆ ಸೇರುತ್ತದಂತೆ, ಆ ಮನೆಗೆ ಹೆಣ್ಣು ಕೊಡುವವರು ಸಿಗುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿತ್ತು. ಎಂಟನೆಯ ಅಂಶವನ್ನು ಬೆರಳಿಟ್ಟು ತೋರಿಸಿದರೂ ನಂಬಲಿಲ್ಲ.

ಕೊನೆಗೆ ಒಪ್ಪಿದವಳು ಕಂಡಕ್ಟರನ ಮನೆಯ ಎದುರಿಗೇ ಇದ್ದ ಒಬ್ಬ ಟೇಲರ್. ಮೂವತ್ತಮೂರು ವರ್ಷದ ಹೆಣ್ಣುಮಗಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಅಲ್ಲಿಯವರ ಮಾತಿನಲ್ಲಿ ಜಂಪರ್, ಹೊಲಿಯುತ್ತಿದ್ದಳು. ಗಂಡ ಸರಕಿನ ಗಾಡಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುವವನು. ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

"ಅಣ್ಣ ಹ್ಯಾಂಗಿದ್ದಾಂವ ಹ್ಯಾಂಗಾದ, ದಿನಾ ನೋಡಾಕತ್ತೀನ್ರಿ" ಎಂದಳು, ಎದುರು ಮನೆಯ ಕಡೆ ನೋಡುತ್ತಾ. "ನಾ ಕೊಡ್ತೇನಿ. ನನ್ನದೇನು ಹೋಗ್ತದ?"

ನಾನು ಪತ್ರ ಓದಿದೆ. ಏಳನೆಯದನ್ನು ಎಂದಿನಂತೆ ದಾಟಿದೆ. ಅವಳು ಸಹಿ ಮಾಡಿದಳು. ಅತ್ತೆ ಬಾಗಿಲ ಪಕ್ಕ ಕೂತು ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಪ್ರಶ್ನೆಗೂ ಅವಳ ಕಿವಿಯಿತ್ತು. ಪ್ರಶ್ನೆ ಕೇಳುವಾಗ ಬೇರೆಯವರು ಹತ್ತಿರ ಇರಬಾರದು ಎಂದು ನಮ್ಮ ಕೈಪಿಡಿಯಲ್ಲಿ ಬರೆದಿತ್ತು. ಆ ಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಅತ್ತೆಗೆ ಹೊರಗೆ ಹೋಗಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಜನ ಸಿಕ್ಕಿದ್ದೇ ಹೆಚ್ಚು ಎಂದುಕೊಂಡೆ.

ಬಾಳೆಹಣ್ಣು ವಾರಕ್ಕೆ ಎಷ್ಟು ತಿನ್ನುತ್ತೀರಿ ಎಂದದ್ದಕ್ಕೆ ಅವಳು ನಕ್ಕುಬಿಟ್ಟಳು; ಕೆಂಪು ಬಾಳೆಗೇ ಹೆಸರಾದ ಊರು ಅದು. "ಕಮಲಾಪುರದಾಗ ಕೂತು ಕೇಳೋ ಮಾತೇನ್ರಿ ಇದು?" ರೊಟ್ಟಿ, ಪುಂಡಿಪಲ್ಯ, ಬೇಳೆ, ಎಣ್ಣೆ ಎಲ್ಲ ಸರಾಗವಾಗಿ ಹೇಳಿದಳು. ಸಂಡಾಸಿನಲ್ಲಿ ಯಾವಾಗಲಾದರೂ ರಕ್ತ ಕಂಡಿದೆಯೇ ಎಂದು ಕೇಳಿದಾಗ ಯಂತ್ರದ ಮೇಲಿದ್ದ ದಾರದ ಉಂಡೆಯನ್ನು ತಿರುಗಿಸುತ್ತಾ, "ಇಲ್ರಿ" ಎಂದಳು. ತೂಕ ಇಳಿದಿದೆಯೇ? ಇಲ್ಲ. ತಂದೆತಾಯಿ? ತಂದೆ ಹೃದಯದ ಕಾಯಿಲೆಯಿಂದ ಹೋದರು, ತಾಯಿ ಕಾಮಣಿ, ಅಂದರೆ ಕಾಮಾಲೆ, ಆಗಿ ಹೋದಳು. ಎಲ್ಲವನ್ನೂ ಬರೆದುಕೊಂಡೆ.

ಮರುದಿನ ಮುಂಜಾನೆ ಡಬ್ಬಿ ತರಲು ಹೋದಾಗ ಅಂಟಿಸುವ ಚೀಟಿಗಳು ಚೀಲದಲ್ಲಿರಲಿಲ್ಲ, ಕಚೇರಿಯಲ್ಲೇ ಉಳಿದಿದ್ದವು. ಬಿಳಿ ಟೇಪಿನ ಮೇಲೆ ನನ್ನ ಕೈಯಿಂದಲೇ ಅವಳ ನಂಬರ್ ಬರೆದು ಡಬ್ಬಿಗೆ ಅಂಟಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಉಷ್ಣಾಂಶ ಗುರುತು ಹಾಕಿ ಬಸ್ಸು ಹತ್ತಿದೆ.

ಮಾದರಿಗಳನ್ನು ಫ್ರೀಜರಿನಲ್ಲಿ ಇಡುವ ಮೊದಲು ಒಂದು ಸಣ್ಣ ಪರೀಕ್ಷೆ ಇರುತ್ತಿತ್ತು. ಚೂರು ಮಲವನ್ನು ದ್ರಾವಣದಲ್ಲಿ ಕಲಕಿ ಮೂರು ಹನಿಯನ್ನು ಪರೀಕ್ಷೆಯ ಕಾಗದದ ಪಟ್ಟಿಯ ಮೇಲೆ ಬಿಡುವುದು. ಐದು ನಿಮಿಷ ಕಾಯುವುದು. ಒಂದು ಗೆರೆ ಮೂಡಿದರೆ ರಕ್ತವಿಲ್ಲ. ಎರಡು ಮೂಡಿದರೆ ಕಣ್ಣಿಗೆ ಕಾಣದ ರಕ್ತ ಇದೆ. ಇದು ರೋಗ ಹಿಡಿಯಲು ಅಲ್ಲ, ಮಾದರಿಗಳನ್ನು ಬೇರೆ ಬೇರೆ ತಟ್ಟೆಗೆ ಹಾಕಲು. ನಂಬರ್ ಬರೆ, ಗೆರೆ ಬರೆ, ಮುಂದಿನದು ತೆಗೆ. ಯಾವ ನಂಬರ್ ಯಾರದು ಎಂಬ ಪಟ್ಟಿ ಮೇಡಂ ಅವರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಆ ಬೀಗವೇ ನಾವು ಜನರಿಗೆ ಕೊಟ್ಟ ಮಾತು.

ಅವಳ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಲು ಐದು ನಿಮಿಷ ಬೇಕಾಗಲಿಲ್ಲ. ಹನಿ ಬಿಟ್ಟು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಗೆರೆ ಕಂಡಿತು, ನೋಡನೋಡುತ್ತಾ ಕಡುಗೆಂಪಾಯಿತು. ಡಬ್ಬಿಯನ್ನು ತಿರುಗಿಸಿ ನೋಡಿದೆ. ಬಿಳಿ ಟೇಪು, ನನ್ನ ಅಕ್ಷರ. ಬೀರುವಿನ ಪಟ್ಟಿ ನೋಡುವ ಅಗತ್ಯವೇ ಇರಲಿಲ್ಲ.

ಇನ್ನೊಂದು ಪಟ್ಟಿ ತೆಗೆದು ಮತ್ತೆ ಮಾಡಿದೆ. ಅದೇ ಗೆರೆ, ಅಷ್ಟೇ ಬೇಗ.

ಮರುದಿನ ಮೇಡಂ ಅವರ ಎದುರು ನಿಂತು ಹೇಳಿದೆ. ಅವರು ಕಂಪ್ಯೂಟರಿನಿಂದ ಮುಖ ಎತ್ತಿದರು.

"ನಿಮಗ ಅದು ಯಾರದ್ದಂತ ಹ್ಯಾಂಗ ಗೊತ್ತು?"

"ಟೇಪಿನ ಮ್ಯಾಲಿನ ಅಕ್ಷರ ನಂದರಿ ಮೇಡಂ."

"ಆ ಪಟ್ಟಿ ರೋಗ ಹೇಳೂದಲ್ಲ. ಮೂಲವ್ಯಾಧಿ ಇದ್ರೂ ಎರಡು ಗೆರಿ ಬರ್ತದ, ಮುಟ್ಟಿನ ದಿನಾ ಇದ್ರೂ ಬರ್ತದ. ಇಷ್ಟರ ಮ್ಯಾಲ ಒಬ್ಬಾಕಿನ್ನ ಅಂಜಿಸಿದ್ರ, ನಾಳೆ ಏನೂ ಇಲ್ಲಂದ್ರ?"

"ಇದ್ರ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಎದುರಿನಲ್ಲೇ ನೀತಿ ಸಮಿತಿಗೆ ಪತ್ರ ಬರೆದರು. ಹೋಲಿಕೆಯ ಗುಂಪಿನವರ ಮಾದರಿಯಲ್ಲಿ ಹೀಗೆ ಕಂಡರೆ ತಿಳಿಸಬಹುದೇ, ನಂಬರಿನಿಂದ ಹೆಸರಿಗೆ ಹೋಗಬಹುದೇ ಎಂದು. ಆ ಸಮಿತಿಯ ಒಪ್ಪಿಗೆಯ ಮೇಲೆಯೇ ಇಡೀ ಅಧ್ಯಯನ ನಿಂತಿತ್ತು. "ಅವ್ರು ಹೂಂ ಅನ್ನೂತನಾ ನೀವು ಆಕಿ ಮುಂದ ಒಂದು ಮಾತೂ ಆಡಬ್ಯಾಡ್ರಿ. ಒಬ್ಬರಿಗೆ ಹೋಗಿ ಹೇಳಿದ್ವಿ ಅಂದ್ರ, ನಂಬರ್ ಅಂತ ಹೇಳಿದ್ದು ಸುಳ್ಳಂತ ಊರಾಗೆಲ್ಲಾ ಆಗ್ತದ. ಮುಂದ ಯಾರೂ ಬಾಗಲಾ ತೆರಿಯಂಗಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೇ ಕಮಲಾಪುರದಲ್ಲಿ ವಾಪಸು ಬಂದ ಖಾಲಿ ಡಬ್ಬಿಗಳನ್ನು ಹೊತ್ತು ಬಂದವಳು. ಹೂಂ ಎಂದು ಹೊರಬಂದೆ.

ಸಭೆ ಮುಂದಿನ ವಾರ ಎಂದರು. ಬೇಕಾದಷ್ಟು ಸದಸ್ಯರು ಬರಲಿಲ್ಲವೆಂದು ಅದು ಮುಂದೆ ಹೋಯಿತು. ಅದರ ಮುಂದಿನ ವಾರವೂ ದಿನ ಗೊತ್ತಾಗಲಿಲ್ಲ. ನಾನು ಬೇರೆ ಕಡೆ ತಿರುಗುತ್ತಲೇ ಇದ್ದೆ. ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಒಬ್ಬ ಬ್ಯಾಂಕ್ ನೌಕರರ ಮನೆಗೆ ಹೋದಾಗ ಅಂದು ಮೊದಲ ಸಲ ಏಳನೆಯ ಅಂಶವನ್ನು ನಿಧಾನವಾಗಿ, ಬಿಡಿಸಿ ಓದಿದೆ. ಅವರು ಕೈಲಿದ್ದ ಪೆನ್ನನ್ನು ಮುಚ್ಚಿದರು.

"ಅಂದ್ರ, ನನ್ನ ರಕ್ತದಾಗ ಏನರೆ ಕೆಟ್ಟದ್ದು ಕಂಡ್ರೂ ನನಗ ಹೇಳಂಗಿಲ್ಲೇನ್ರಿ?"

"ಹೇಳಂಗಿಲ್ರಿ."

"ಹಂಗಾದ್ರ ನೀವು ನೋಡೂದ ಯಾಕ?"

ಸಹಿ ಹಾಕದೆ ಎದ್ದು ಒಳಗೆ ಹೋದರು. ಗೇಟಿನ ಹೊರಗೆ ಐಸ್ ಪೆಟ್ಟಿಗೆ ಹಿಡಿದು ನಿಂತಾಗ ನನಗೆ ಅವಮಾನವಾಗಲಿಲ್ಲ. ಇಷ್ಟು ದಿನ ಸಹಿ ಹಾಕಿದವರಲ್ಲಿ ಎಷ್ಟು ಜನ ಆ ಸಾಲನ್ನು ನಿಜವಾಗಿ ಕೇಳಿಸಿಕೊಂಡಿದ್ದರು ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಆ ವಾರಗಳಲ್ಲಿ ನಾನು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದೆ. ಊಟಕ್ಕೆ ಕೂತರೆ ಆ ಗೆರೆ ಎದುರಿಗೆ ಬರುತ್ತಿತ್ತು. ಮೂಲವ್ಯಾಧಿಯೇ ಇರಬೇಕು ಎಂದುಕೊಳ್ಳುವುದು, ಅಷ್ಟು ಬೇಗ ಅಷ್ಟು ಕೆಂಪು ಯಾಕೆ ಎಂದು ಕೇಳಿಕೊಳ್ಳುವುದು. ಎರಡು ಸಲ ಮೇಡಂ ಅವರನ್ನು ಕೇಳಿದೆ. "ನಾನೂ ದಿನಾ ಕೇಳಾಕತ್ತೀನಿ" ಎಂದರು. ಅವರ ಮುಖ ನೋಡಿದರೆ ಸುಳ್ಳು ಅನಿಸಲಿಲ್ಲ.

ಎರಡನೆಯ ಭೇಟಿಯ ದಿನ ಬಂತು. ಗೆರೆ ನೋಡಿ ಅಂದಿಗೆ ಇಪ್ಪತ್ತಮೂರು ದಿನ. ಕೈಪಿಡಿಯ ಪ್ರಕಾರ ಊಟದ ಪ್ರಶ್ನೆಗಳನ್ನು ಮಾತ್ರ ಕೇಳಿ ಬರಬೇಕು. ಕಮಲಾಪುರದಲ್ಲಿ ಬಸ್ಸಿಳಿದು ಓಣಿಗೆ ತಿರುಗಿದರೆ ಕಂಡಕ್ಟರನ ಮನೆಯ ಮುಂದೆ ಚಾಪೆ ಹಾಸಿ ಹೆಂಗಸರು ಕೂತಿದ್ದರು. ಅವನು ಮೂರು ದಿನದ ಹಿಂದೆ ತೀರಿಕೊಂಡಿದ್ದ. ಟೇಲರ್ ಹೆಣ್ಣುಮಗಳ ಅತ್ತೆಯೂ ಆ ಹೆಂಗಸರ ನಡುವೆ, ಅವನ ಹೆಂಡತಿಯ ಕೈ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ಕಂಡು ತಲೆಯಾಡಿಸಿದಳು.

ಸೊಸೆ ಒಳಗೆ ಒಬ್ಬಳೇ ಇದ್ದಳು. ಹೊಲಿಗೆ ನಡೆದಿತ್ತು. ಯಂತ್ರದ ಸಪ್ಪಳ ಎದುರು ಮನೆಗೆ ಕೇಳಬಾರದೆಂದು ಬಾಗಿಲು ಮುಚ್ಚಿಕೊಂಡಿದ್ದಳು. ಮೂರು ವಾರದಲ್ಲಿ ಮುಖದ ಮೂಳೆ ಎದ್ದು ಕಾಣುತ್ತಿತ್ತು. ತೊಟ್ಟಿದ್ದ ಜಂಪರಿನ ಎರಡೂ ಬದಿಗೆ ಹೊಸ ಹೊಲಿಗೆ ಬಿದ್ದಿತ್ತು. ತನ್ನ ಅಳತೆಯನ್ನು ತಾನೇ ಚಿಕ್ಕದು ಮಾಡಿಕೊಂಡಿದ್ದಳು.

ನಾನು ಊಟದ ಹಾಳೆ ತೆಗೆದೆ. ರೊಟ್ಟಿ ಎಷ್ಟು ಎಂದು ಕೇಳಿದೆ. ಒಂದು ಎಂದಳು. ಹೋದ ಸಲ ಮೂರು ಎಂದಿದ್ದಳು. ಪೆನ್ನು ಕೆಳಗಿಟ್ಟೆ.

"ಹೋದ ಸಲ ಅತ್ತಿ ಇದ್ರು" ಎಂದೆ. "ಈಗ ಯಾರೂ ಇಲ್ಲ. ಒಂದು ಮಾತು ಮತ್ತ ಕೇಳ್ತೇನಿ. ರಕ್ತ ಕಾಣ್ತದೇನು?"

ಅವಳು ಯಂತ್ರದ ಚಕ್ರದ ಮೇಲೆ ಅಂಗೈ ಇಟ್ಟು ಅದನ್ನು ನಿಲ್ಲಿಸಿದಳು.

"ಕಾಣ್ತದ್ರಿ. ಆರು ತಿಂಗಳಾಯ್ತು. ಪೈಲ್ಸ್ ಅಂತ ಇಲ್ಲೇ ಗುಳಿಗಿ ತೊಗೊಂಡೆ. ಅಣ್ಣನ್ನ ನೋಡಿ ಅಂಜಿಕಿ ಬಂತು. ಅದಕ್ಕರಿ ನಿಮಗ ಡಬ್ಬಿ ಕೊಟ್ಟದ್ದು."

"ಅದಕ್ಕ ಅಂದ್ರ?"

"ಬಾಯಿಲೆ ಹೇಳಾಕ ಆಗಲಿಲ್ಲ. ಡಬ್ಬಿ ನೋಡಿದ್ರ ನಿಮಗ ತಿಳೀತದಂತ ಕೊಟ್ಟೆ. ಏನರೆ ಇದ್ರ ದೊಡ್ಡ ದವಾಖಾನಿಯವರು ಫೋನ್ ಮಾಡ್ತಾರಂತ ದಿನಾ ಫೋನ್ ಮಗ್ಗಲದಾಗ ಇಟ್ಟುಕೊಂಡೆ. ಮಾಡಲಿಲ್ಲ. ಏನೂ ಇಲ್ಲ ಬಿಡು ಅಂತ ಆರಾಮ ಆದೆ."

ಏಳನೆಯ ಅಂಶ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ನಮ್ಮ ಮೌನವನ್ನೇ ಅವಳು ಫಲಿತಾಂಶ ಎಂದು ಓದಿಕೊಂಡಿದ್ದಳು. ಕಾಯಿಲೆಯಿದ್ದವಳನ್ನು ನಾವು ಇಪ್ಪತ್ತಮೂರು ದಿನ ಸಮಾಧಾನವಾಗಿ ಇಟ್ಟಿದ್ದೆವು.

ಒಂದು ನಿಮಿಷ ಎಂದು ಹೇಳಿ ಹಿತ್ತಲಿಗೆ ಹೋಗಿ ಮೇಡಂ ಅವರಿಗೆ ಫೋನ್ ಮಾಡಿದೆ. ಅವಳು ಹೇಳಿದ್ದನ್ನೆಲ್ಲ ಹೇಳಿದೆ. "ನಾ ಈಗ ಆಕಿಗೆ ಹೇಳಾಕ ಹೊಂಟೀನ್ರಿ" ಎಂದೆ.

"ಸಮಿತಿ ಇನ್ನಾ ಕೂಡಿಲ್ಲ."

"ಗೊತ್ತದರಿ."

"ನಾ ಬ್ಯಾಡಂದ್ರ?"

"ಅಂದ್ರೂ ಹೇಳ್ತೇನ್ರಿ ಮೇಡಂ. ಕೆಲಸದಿಂದ ತೆಗದ್ರ ತೆಗೀರಿ."

ಎದುರು ಮನೆಯಲ್ಲಿ ಯಾರೋ ಹೊಸದಾಗಿ ಬಂದಿರಬೇಕು, ಹೆಂಗಸರ ಅಳು ಒಮ್ಮೆಲೇ ಏರಿತು. ಅದು ಮೇಡಂ ಅವರಿಗೂ ಕೇಳಿಸಿರಬಹುದು.

"ಹೇಳ್ರಿ ಅಂತ ನಾ ಬಾಯಿಬಿಟ್ಟು ಹೇಳಂಗಿಲ್ಲ" ಎಂದರು. "ಆದ್ರ ನಾಳೆ ಒಂಬತ್ತಕ್ಕ ನಾ ಓಪಿಡಿಯಾಗ ಇರ್ತೇನಿ. ಆಕಿನ್ನ ಕರಕೊಂಡು ಬರ್ರಿ. ಸಂಗಡ ಮನಿಯವರು ಒಬ್ಬರು ಇರ್ಲಿ."

ಒಳಗೆ ಬಂದು ಅವಳ ಎದುರು ನೆಲದ ಮೇಲೆ ಕೂತೆ. ಇಂಥ ಮಾತು ಹೇಳುವ ತರಬೇತಿ ನನಗಿರಲಿಲ್ಲ. ಡಬ್ಬಿಯಲ್ಲಿ ರಕ್ತ ಕಂಡಿದೆ, ಅದು ಯಾಕೆಂದು ಆ ಪಟ್ಟಿಯಿಂದ ಗೊತ್ತಾಗುವುದಿಲ್ಲ, ಮೂಲವ್ಯಾಧಿಯೂ ಇರಬಹುದು, ಬೇರೆಯೂ ಇರಬಹುದು, ಒಳಗೆ ನಳಿಗೆ ಬಿಟ್ಟು ನೋಡಲೇಬೇಕು, ನಾಳೆಯೇ ಹೋಗಬೇಕು ಎಂದೆ. ಅವಳು ಅಳಲಿಲ್ಲ. ಯಂತ್ರದ ಸೂಜಿಯ ಕೆಳಗಿದ್ದ ಜಂಪರನ್ನು ಬಿಡಿಸಿ, ಮಡಚಿ, ಮೇಲೆ ಅದರ ಒಡತಿಯ ಹೆಸರಿನ ಚೀಟಿ ಇಟ್ಟಳು.

"ಅತ್ತಿಗೆ ನೀವ ಹೇಳ್ರಿ" ಎಂದಳು. "ನನ್ನ ಕಡಿಂದ ಆಗಂಗಿಲ್ಲ."

ಅತ್ತೆಗೆ ನಾನು ಹೇಳಿದ್ದು ಓಣಿಯ ತಿರುವಿನಲ್ಲಿ, ನಿಂತುಕೊಂಡೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಸೊಸೆಯ ಹತ್ತಿರ ಹೋಗಿ ಬಾಗಿಲಲ್ಲಿ ನಿಂತು, "ನನ್ನ ಮುಂದ ಹೇಳಾಕ ಅಂಜಿದ್ಯೇನ ಯವ್ವಾ? ನಾ ಏನು ಹುಲಿ ಇದ್ದೆನೇನ?" ಎಂದಳು. ಮರುದಿನ ಬಸ್ಸಿನಲ್ಲಿ ಕಲಬುರಗಿ ಬರುವವರೆಗೂ ಸೊಸೆಯ ಕೈ ಅತ್ತೆಯ ತೊಡೆಯ ಮೇಲೆಯೇ ಇತ್ತು.

ಮೇಡಂ ಪರೀಕ್ಷಿಸಿದರು. ರಕ್ತ ಎಷ್ಟು ಕಡಿಮೆಯಾಗಿತ್ತೆಂದರೆ ಮೊದಲು ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಕರುಳು ತೊಳೆಯುವ ಔಷಧಿ ಕುಡಿಸಿ, ಮೂರನೆಯ ದಿನ ದುರ್ಬೀನಿನ ನಳಿಗೆ ಹಾಕಿ ನೋಡಿದರು. ಗಂಡ ಅಷ್ಟರಲ್ಲಿ ಬಂದಿದ್ದ. ಕೋಣೆಯ ಹೊರಗೆ ಗಾಡಿಯ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ, ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಮೇಡಂ ಹೊರಬಂದಾಗ ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ. ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದರು.

ಗಡ್ಡೆ ಕರುಳಿನ ಎಡಭಾಗದಲ್ಲಿತ್ತು, ದಾರಿಯ ಮುಕ್ಕಾಲು ಪಾಲನ್ನು ಮುಚ್ಚಿತ್ತು. ಬೇರೆ ಅಂಗಗಳಿಗೆ ಹಬ್ಬಿದ್ದು ಸ್ಕ್ಯಾನಿನಲ್ಲಿ ಕಾಣಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯ ಸುತ್ತ ತೆಗೆದ ದುಗ್ಧಗ್ರಂಥಿಗಳಲ್ಲಿ ಎರಡರಲ್ಲಿ ರೋಗ ಸಿಕ್ಕಿತು. ಅಂದರೆ ಇನ್ನು ತಿಂಗಳುಗಟ್ಟಲೆ ಔಷಧಿ.

ಶಸ್ತ್ರಚಿಕಿತ್ಸೆಯಾದ ಆರನೆಯ ದಿನ ವಾರ್ಡಿಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದಳು. ಅತ್ತೆ ಗಂಜಿ ತರಲು ಕೆಳಗೆ ಹೋಗಿದ್ದಳು. ಅವಳು ನನ್ನನ್ನು ಬಹಳ ಹೊತ್ತು ನೋಡಿ ಕೇಳಿದಳು.

"ಅಕ್ಕೋರೆ, ಖರೆ ಹೇಳ್ರಿ. ಡಬ್ಬಿದು ನಿಮಗ ಯಾವಾಗ ಗೊತ್ತಾಯ್ತು?"

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಬರದಿರಲಿ ಎಂದು ಬೇಡಿಕೊಂಡಿದ್ದೆ.

"ಕೊಟ್ಟ ದಿನಾನ."

ಅವಳು ಬೆರಳು ಮಡಚಿ ದಿನ ಎಣಿಸಿದಳು. ಒಂದು ಕೈ ಮುಗಿದು ಇನ್ನೊಂದಕ್ಕೆ ಹೋಯಿತು, ಮತ್ತೆ ಮೊದಲ ಕೈಗೆ ಬಂತು. ಆಮೇಲೆ ಎಣಿಸುವುದನ್ನು ಬಿಟ್ಟಳು.

"ಅಷ್ಟು ದಿನದಾಗ ಹೆಚ್ಚಾಗಿರ್ತದೇನ್ರಿ?"

"ಇಲ್ಲಂತ ಡಾಕ್ಟರ್ ಹೇಳ್ತಾರ. ಅಷ್ಟು ದಿನದಾಗ ಏನೂ ಫರಕ್ ಆಗಂಗಿಲ್ಲಂತ. ನನಗ ಗೊತ್ತಿಲ್ಲ, ತಂಗಿ. ನಾ ಹೇಳಬೇಕಾಗಿತ್ತು."

"ನಾ ಸುಳ್ಳ ಹೇಳಿದೆ. ನೀವು ಸುಮ್ಮ ಕುಂತ್ರಿ" ಎಂದಳು. ಸಿಟ್ಟಿನ ದನಿಯಲ್ಲ, ಲೆಕ್ಕ ಒಪ್ಪಿಸಿದ ಹಾಗಿತ್ತು. ಅದರ ನಂತರ ಅವಳು ಗೋಡೆಯ ಕಡೆ ತಿರುಗಿದಳು. ನಾನು ಎದ್ದು ಬಂದೆ.

ಸಮಿತಿ ಕೂಡಿದ್ದು ಅದರ ಮರುವಾರ. ನಿಯಮ ಮೀರಿದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ ಬಂತು. ಒಂದು ತಿಂಗಳು ಊರುಗಳಿಗೆ ಹೋಗದಂತೆ ಕಚೇರಿಯಲ್ಲಿ ಕೂರಿಸಿದರು. ಅದೇ ಸಭೆಯಲ್ಲಿ ಏಳನೆಯ ಅಂಶವನ್ನು ಹೊಡೆದುಹಾಕಿದರು. ಜೀವಕ್ಕೆ ಅಪಾಯ ತರುವಂಥದ್ದು ಕಂಡರೆ ತಿಳಿಸಲಾಗುವುದು, ಏನೂ ತಿಳಿಸದಿದ್ದರೆ ಆರೋಗ್ಯವಾಗಿದ್ದೀರಿ ಎಂದು ಅರ್ಥವಲ್ಲ ಎಂದು ಹೊಸದಾಗಿ ಬರೆಯಬೇಕಾಯಿತು. ಅದನ್ನೂ ನಾನೇ ಬರೆದೆ. ಈ ಸಲ ಒಂದು ಸಾಲಿಗೆ ಇಳಿಸಲಿಲ್ಲ. ಬೀರು ತೆಗೆದು, ಹೋಲಿಕೆಯ ಗುಂಪಿನಲ್ಲಿ ಎರಡು ಗೆರೆ ಬಂದವರನ್ನೆಲ್ಲ ಕರೆಸಿದರು. ಒಬ್ಬರಿಗೆ ಮೂಲವ್ಯಾಧಿ, ಇನ್ನೊಬ್ಬರ ಕರುಳಿನಲ್ಲಿ ಸಣ್ಣ ಗಂಟು ಸಿಕ್ಕಿ ಅಲ್ಲೇ ತೆಗೆದರು. ಕಮಲಾಪುರದ ಆ ಓಣಿಯಲ್ಲಿ ಮುಂದೆ ಯಾರೂ ಡಬ್ಬಿ ಕೊಡಲಿಲ್ಲ. ಮೇಡಂ ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು.

ಟೇಲರ್ ಎರಡನೆಯ ಸುತ್ತಿನ ಔಷಧಿಗೆ ಬಂದಾಗ ನನಗೆ ಹೇಳಿ ಕಳಿಸಿದಳು. ಕೈಗೆ ಸೂಜಿ ಹಾಕಿತ್ತು, ಬಾಟಲಿ ಹನಿಯುತ್ತಿತ್ತು. ಅತ್ತೆ ಪಕ್ಕದಲ್ಲಿದ್ದಳು.

"ನನ್ನ ಹಾಳಿ ತೊಗೊಂಡು ಬರ್ರಿ" ಎಂದಳು. "ಮೊದಲ ಬರದಿದ್ದು ಸುಳ್ಳದ. ಸುಳ್ಳ ಇಟ್ಟುಕೊಂಡು ಏನ ಸಂಶೋಧನಾ ಮಾಡ್ತೀರಿ? ಖರೇದು ಬರಕೊಳ್ರಿ."

ಹೊಸ ಹಾಳೆ ತಂದೆ. ಪತ್ರ ಓದಿದೆ, ನಿಧಾನವಾಗಿ. ಅವಳು ಪ್ರತಿ ಅಂಶಕ್ಕೂ ಹೂಂಗುಟ್ಟಿದಳು. ಅತ್ತೆ ತಾನಾಗಿಯೇ ಎದ್ದಳು. ಸೊಸೆ ಅವಳ ಸೀರೆ ಹಿಡಿದು ಕೂರಿಸಿದಳು.

ರಕ್ತ ಕಂಡು ಎಷ್ಟು ದಿನ? ನನಗೆ ಆರು ತಿಂಗಳು ಎಂದಿದ್ದಳು. ಈಗ ಹದಿನಾಲ್ಕು ತಿಂಗಳು ಎಂದಳು. ಬರೆದೆ. ತಾಯಿ?

ಅತ್ತೆಯ ಕಡೆ ಒಮ್ಮೆ ನೋಡಿದಳು. "ಅವ್ವಗ ಕಾಮಣಿ ಆಗಿದ್ದಿಲ್ಲ. ನನ್ನ ಲಗ್ನದ ಮಾತು ನಡದಾಗ ಹಂಗ ಹೇಳಿದ್ರು. ಮುಂದ ಅದ ಉಳೀತು. ರಕ್ತ ಹೋಗಿ ಹೋಗಿ ಸತ್ತಳು. ಮೂವತ್ತೊಂಬತ್ತು ವರ್ಷ ಇದ್ದಳು."

ಅತ್ತೆ ಸೊಸೆಯ ಕೈಗೆ ಕಟ್ಟಿದ್ದ ಪಟ್ಟಿಯ ಅಂಚನ್ನು ಬೆರಳಿನಿಂದ ಸರಿ ಮಾಡಿದಳು.

ನಮ್ಮ ಹಾಳೆಯ ಹಿಂಬದಿ ಮನೆತನದ ಚಿತ್ರ ಬರೆಯಲು ಜಾಗವಿರುತ್ತದೆ. ಹೆಂಗಸರಿಗೆ ದುಂಡನೆಯ ಗುರುತು, ಗಂಡಸರಿಗೆ ಚೌಕ, ರೋಗ ಬಂದವರದ್ದನ್ನು ಕಪ್ಪು ತುಂಬಬೇಕು. ತಾಯಿಯದನ್ನು ಕಪ್ಪು ಮಾಡಿದೆ. ಅವಳದನ್ನು ಅವಳ ಎದುರಿಗೇ ಕಪ್ಪು ಮಾಡಬೇಕಾಯಿತು. ಒಡಹುಟ್ಟಿದವರು ಎಂದು ಕೇಳಿದೆ.

"ಒಬ್ಬಾಂವ ತಮ್ಮ. ಇಪ್ಪತ್ತೊಂಬತ್ತು. ಕಪನೂರದಾಗ ಲೇತ್ ಮಷೀನ್ ಮ್ಯಾಲ ಇರ್ತಾನ." ಚೌಕ ಬರೆದು ಖಾಲಿ ಬಿಟ್ಟೆ. ಅವಳು ಕತ್ತು ಚಾಚಿ ಆ ಚೌಕವನ್ನು ನೋಡಿದಳು. "ಅವನೂ ನೀರು ಕುಡದ್ರ ಹೊಟ್ಟಿ ಉಬ್ಬತದಂತಾನ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಾ ಫೋನಿನ್ಯಾಗ ಹೇಳಿದ್ರ ನಗ್ತಾನ. ನೀವ ಹೋಗ್ರಿ. ಈ ಸಲ ಹೇಳ್ರಿ" ಎಂದಳು.

ಮೇಡಂ ಅವರಿಗೆ ಚಿತ್ರ ತೋರಿಸಿದೆ. ತಾಯಿ, ಮಗಳು, ಇಬ್ಬರೂ ನಲವತ್ತರೊಳಗೆ. ಅವರು ಒಂದೇ ನೋಟಕ್ಕೆ, ತಮ್ಮನಿಗೂ ನಳಿಗೆ ಬಿಟ್ಟು ನೋಡಬೇಕೆಂದು ಚೀಟಿ ಬರೆದು ಕೊಟ್ಟರು. "ಇವತ್ತ ಹೋಗ್ರಿ" ಎಂದರು.

ಕಪನೂರದ ಕೈಗಾರಿಕಾ ಪ್ರದೇಶದಲ್ಲಿ ಆ ಕಾರ್ಖಾನೆ ಹುಡುಕಲು ಅರ್ಧ ತಾಸು ಹಿಡಿಯಿತು. ತಗಡಿನ ಛಾವಣಿಯ ಕೆಳಗೆ ನಾಲ್ಕು ಯಂತ್ರ ಓಡುತ್ತಿದ್ದವು. ಮಾಲೀಕರಿಗೆ ಹೇಳಿದೆ, ಅವರು ಕೂಗಿ ಕರೆದರು. ಎಣ್ಣೆ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಒಬ್ಬ ತೆಳ್ಳಗಿನ ಯುವಕ ಬಿಸಿಲಿಗೆ ಬಂದ. ಅಕ್ಕನ ಮುಖವೇ. ನನ್ನ ಕೊರಳಲ್ಲಿ ತೂಗುತ್ತಿದ್ದ ಆಸ್ಪತ್ರೆಯ ಗುರುತಿನ ಚೀಟಿ ನೋಡಿ ಗಾಬರಿಯಾದ.

"ಅಕ್ಕಾ ಆರಾಮ ಅದಾಳಲ್ರಿ?"

"ಆರಾಮ ಅದಾಳ" ಎಂದೆ. "ನಾ ನಿಮ್ಮ ಸಲುವಾಗಿ ಬಂದೀನಿ."

ಅವನು ನಗಲಿಲ್ಲ. ಒಳಗೆ ಹೋಗಿ, ಓಡುತ್ತಿದ್ದ ತನ್ನ ಯಂತ್ರವನ್ನು ನಿಲ್ಲಿಸಿ ಬಂದ.